ಮಟಮಟ ಮಧ್ಯಾಹ್ನದ ಸುಳಿಗಾಳಿ: ಬಿಸಿಗಾಳಿ ಮೇಲೇರುವುದು ಗೊತ್ತು, ತಿರುಗುವುದು ಯಾಕೆ?

ಎರೆಹೊಲ:
ನಮ್ಮದು ರೋಣದ ಕಡೆ, ಅಪ್ಪಟ ಎರೆಭೂಮಿ. ಕಡಲೆ ಕಿತ್ತು, ಬಿಳಿಜೋಳ ಕೊಯ್ದು, ಕಣದ ಕೆಲಸ ಮುಗಿದ ಮೇಲೆ ಮುಂಗಾರಿನವರೆಗೆ ಹೊಲಗಳೆಲ್ಲ ಬೋಳು. ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಯ ನಂತರ ಬಯಲಿನಲ್ಲಿ ಧೂಳಿನ ಕಂಬಗಳು ಏಳತೊಡಗುತ್ತವೆ. ಕೆಲವು ಆಳೆತ್ತರಕ್ಕೆ ಬರುವಷ್ಟರಲ್ಲಿ ಉಸಿರು ಬಿಡುತ್ತವೆ. ಕೆಲವು ಬೇವಿನ ಮರ ದಾಟಿ, ಒಮ್ಮೊಮ್ಮೆ ಗಾಳಿಯಂತ್ರದ ರೆಕ್ಕೆಗಿಂತ ಮೇಲಕ್ಕೂ ಹೋಗುತ್ತವೆ.

ಕಾರಣ ಹುಡುಕಿದರೆ ಎಲ್ಲ ಕಡೆ ಒಂದೇ ಪಾಠ: ನೆಲ ಕಾಯುತ್ತದೆ, ಬಿಸಿಗಾಳಿ ಹಗುರಾಗಿ ಮೇಲೇರುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಒಪ್ಪಿದೆ. ಆದರೆ ನುಗ್ಗುವ ಗಾಳಿ ನೇರವಾಗಿ ನುಗ್ಗಬೇಕಲ್ಲವೇ? ಸುತ್ತು ಹಾಕಿಕೊಂಡು ಬರುವ ಅಗತ್ಯವೇನಿದೆ? ಈ ಜಾಗಕ್ಕೆ ಬಂದ ತಕ್ಷಣ ಎಲ್ಲರೂ ಮಾತು ಹಾರಿಸುತ್ತಾರೆ. ಯಾರಾದರೂ ಹಾರಿಸದೆ ಹೇಳಬಲ್ಲಿರಾ?

ಒಗರುಮಾತು:
ಇದಕ್ಕೆ ಇಷ್ಟು ಪೀಠಿಕೆ ಬೇಕಿರಲಿಲ್ಲ. ಭೂಮಿ ತಿರುಗುತ್ತದೆ, ಕೊರಿಯೊಲಿಸ್ ಬಲ ಗಾಳಿಯನ್ನು ಬಾಗಿಸುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತ ತಿರುಗುವುದೂ ಅದರಿಂದಲೇ, ನಿಮ್ಮ ಹೊಲದ ಸುಳಿ ತಿರುಗುವುದೂ ಅದರಿಂದಲೇ. ಉತ್ತರಾರ್ಧಗೋಳದಲ್ಲಿ ಅಪ್ರದಕ್ಷಿಣ. ವಿಷಯ ಮುಗಿಯಿತು.

ಎರೆಹೊಲ:
ಹಾಗಿದ್ದರೆ ಎಲ್ಲವೂ ಒಂದೇ ದಿಕ್ಕಿಗೆ ತಿರುಗಬೇಕಿತ್ತು. ನಮ್ಮ ಹೊಲದಲ್ಲಿ ಎಡಸುತ್ತಿನವೂ ಇವೆ, ಬಲಸುತ್ತಿನವೂ ಇವೆ. ಒಂದೇ ಮಧ್ಯಾಹ್ನ ಎರಡೂ ಬಗೆ ಕಾಣಿಸುತ್ತವೆ. ಚಂಡಮಾರುತ ಹೀಗೆ ಮನಸ್ಸು ಬದಲಿಸಿದ್ದನ್ನು ನಾನಂತೂ ಕೇಳಿಲ್ಲ.

ಮುಗಿಲುನೋಟ:
ಎರೆಹೊಲದವರ ಕಣ್ಣು ಸರಿಯಾಗಿದೆ. 1960ರ ದಶಕದಲ್ಲಿ ಅಮೆರಿಕದ ಟ್ಯೂಸಾನ್ ಸುತ್ತಲಿನ ಬಯಲಿನಲ್ಲಿ ಸಿಂಕ್ಲೇರ್ ಎಂಬ ವಿಜ್ಞಾನಿ ಉಪಕರಣಗಳೊಂದಿಗೆ ಇಂಥ ಸುಳಿಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಒಂದೇ ದಿಕ್ಕಿನ ಮೇಲೆ ಪಕ್ಷಪಾತ ಅವರಿಗೂ ಕಾಣಲಿಲ್ಲ.

ಕೊರಿಯೊಲಿಸ್ ಯಾಕೆ ಅಲ್ಲ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬಹುದು. ರೋಣದ ಅಕ್ಷಾಂಶ ಸುಮಾರು 15 ಡಿಗ್ರಿ ಎಂದುಕೊಳ್ಳೋಣ. ಬಯಲಿನ ಮೇಲೆ 60 ಮೀಟರ್ ತ್ರಿಜ್ಯದ ಒಂದು ಗಾಳಿಯ ಬಿಲ್ಲೆ ಇದೆ, ಅದು ನೆಲದ ಮಟ್ಟಿಗೆ ನಿಶ್ಚಲವಾಗಿದೆ. ಭೂಮಿಯ ತಿರುಗುವಿಕೆಯಿಂದ ಆ ಬಿಲ್ಲೆಯ ಅಂಚಿಗೆ ಸಿಗುವ ಸುತ್ತುವೇಗ ಸೆಕೆಂಡಿಗೆ ಒಂದು ಮಿಲಿಮೀಟರ್ ಚಿಲ್ಲರೆ. ಈಗ ಆ ಗಾಳಿಯೆಲ್ಲ ಒಳಕ್ಕೆ ಸರಿದು 3 ಮೀಟರ್ ತ್ರಿಜ್ಯಕ್ಕೆ ಕುಗ್ಗಲಿ. ತ್ರಿಜ್ಯ 20 ಪಟ್ಟು ಇಳಿದರೆ ವೇಗ 20 ಪಟ್ಟು ಏರುತ್ತದೆ. ಕೋನೀಯ ಸಂವೇಗ ಉಳಿಯಬೇಕೆಂಬ ನಿಯಮ ಅಷ್ಟೇ. ಸಿಕ್ಕಿದ್ದು ಸೆಕೆಂಡಿಗೆ ಎರಡು ಸೆಂಟಿಮೀಟರ್ ಮತ್ತು ಸ್ವಲ್ಪ. ಅಷ್ಟರಿಂದ ಕಡಲೆಯ ಹೊಟ್ಟೂ ಕದಲುವುದಿಲ್ಲ.

ಅದೇ ಬಿಲ್ಲೆಗೆ ಮೊದಲೇ ಬೇರೆ ಯಾವುದೋ ಕಾರಣದಿಂದ ಅಂಚಿನಲ್ಲಿ ಸೆಕೆಂಡಿಗೆ ಅರ್ಧ ಮೀಟರಿನ ಸುತ್ತು ಇತ್ತು ಎನ್ನಿ. ಅರ್ಧ ಮೀಟರ್ ಎಂದರೆ ಮುಖಕ್ಕೆ ತಾಗಿದರೂ ಗೊತ್ತಾಗದಷ್ಟು ಮಂದಗಾಳಿ. ಕುಗ್ಗಿದಾಗ ಅದು ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್. ನೆಲದ ಘರ್ಷಣೆ ಒಂದಷ್ಟನ್ನು ತಿಂದರೂ ಧೂಳೆಬ್ಬಿಸಲು ಧಾರಾಳ ಸಾಕು.

ಚಂಡಮಾರುತದ ಕತೆ ಬೇರೆ. ಅದು ನೂರಾರು ಕಿಲೋಮೀಟರ್ ದೂರದಿಂದ ಗಾಳಿಯನ್ನು ದಿನಗಟ್ಟಲೆ ಸೆಳೆದುಕೊಳ್ಳುತ್ತದೆ. ಅಷ್ಟು ದೂರ, ಅಷ್ಟು ಹೊತ್ತು ಇದ್ದರೆ ಭೂಮಿಯ ಕೈಗೆ ಕೆಲಸ ಸಿಗುತ್ತದೆ. ಮೂರು ನಿಮಿಷ ಬದುಕುವ ಸುಳಿಯಲ್ಲಿ ಅದಕ್ಕೆ ಪುರುಸೊತ್ತಿಲ್ಲ.

ಆದ್ದರಿಂದ ನನ್ನ ಉತ್ತರ: ಬಿಸಿಯು ಗಾಳಿಯನ್ನು ಎತ್ತುತ್ತದೆ, ತಿರುಗಿಸುವುದಿಲ್ಲ. ಸುತ್ತು ಎಂಬುದು ಗಾಳಿಯಲ್ಲಿ ಮೊದಲೇ ಚೂರುಚೂರಾಗಿ ಹರಡಿಕೊಂಡಿರುತ್ತದೆ. ಮೇಲೇರುವ ಗಾಳಿ ಅದನ್ನು ಒಟ್ಟುಮಾಡಿ ಬಿಗಿಗೊಳಿಸುತ್ತದೆ.

ಒಗರುಮಾತು:
‘ಬೇರೆ ಯಾವುದೋ ಕಾರಣದಿಂದ’ ಎಂದು ಎಷ್ಟು ಸಲೀಸಾಗಿ ದಾಟಿಬಿಟ್ಟಿರಿ! ಪ್ರಶ್ನೆ ಇರುವುದೇ ಅಲ್ಲಿ. ಆ ಅರ್ಧ ಮೀಟರನ್ನು ಕೊಟ್ಟವರು ಯಾರು? ಸಾಲ ಎಲ್ಲಿಂದ ಬಂತೆಂದು ಹೇಳದೆ ಬಡ್ಡಿಯ ಲೆಕ್ಕ ಒಪ್ಪಿಸಿದ್ದೀರಿ.

ಹಳೆ ಸೀಮೆಸುಣ್ಣ:
ಒಗರುಮಾತಿನವರ ಪ್ರಶ್ನೆಗೆ ಮುಗಿಲುನೋಟ ಅಕ್ಕನವರೇ ಉತ್ತರಿಸಲಿ. ಅಷ್ಟರಲ್ಲಿ ಆ ‘ಎತ್ತುವ’ ಭಾಗದ ಬಗ್ಗೆ ನನ್ನದೊಂದು ಮಾತು. ಚಳ್ಳಕೆರೆ ಕಡೆಯ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು, ಪಾಠದ ಚಟ ಬಿಟ್ಟಿಲ್ಲ.

ಬಿಸಿಗಾಳಿ ಮೇಲೇರುತ್ತದೆ ಎಂದು ಸುಮ್ಮನೆ ಹೇಳಿದರೆ ಸಾಲದು. ಎಷ್ಟು ಬಿಸಿ ಎಂದು ಕೇಳಬೇಕು. ಒಣಗಾಳಿ ಮೇಲೇರುವಾಗ ಹಿಗ್ಗಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ. ಸುತ್ತಲಿನ ಗಾಳಿ ಎತ್ತರಕ್ಕೆ ಹೋದಂತೆ ಇದಕ್ಕಿಂತ ವೇಗವಾಗಿ ತಣ್ಣಗಾಗುತ್ತಿದ್ದರೆ ಮಾತ್ರ ಏರಿದ ಗಾಳಿ ಇನ್ನೂ ಏರುತ್ತಲೇ ಇರುತ್ತದೆ. ಇಳಿಕೆ ಕಿಲೋಮೀಟರಿಗೆ 34 ಡಿಗ್ರಿ ದಾಟಿತೆಂದರೆ ಮತ್ತೂ ವಿಚಿತ್ರ: ಕೆಳಗಿನ ಗಾಳಿ ಮೇಲಿನದಕ್ಕಿಂತ ಹಗುರಾಗಿಬಿಡುತ್ತದೆ. ಭಾರ ಮೇಲೆ, ಹಗುರ ಕೆಳಗೆ. ಯಾರೂ ತಳ್ಳದಿದ್ದರೂ ಮಗುಚಿಕೊಳ್ಳುವ ಸ್ಥಿತಿ.

34 ಡಿಗ್ರಿ ಬಹಳ ಎನಿಸಬಹುದು. ಆದರೆ ಅದು ಒಂದು ಕಿಲೋಮೀಟರಿಗೆ. ಒಂದು ಮೀಟರಿಗೆ ಲೆಕ್ಕ ಹಾಕಿದರೆ 0.034 ಡಿಗ್ರಿ ಮಾತ್ರ. ಏಪ್ರಿಲ್ ಮಧ್ಯಾಹ್ನ ಕಪ್ಪು ಮಣ್ಣಿನ ಮೈ 60 ಡಿಗ್ರಿ ಮುಟ್ಟುತ್ತದೆ, ತಲೆಯ ಮಟ್ಟದಲ್ಲಿ ಗಾಳಿ 40 ಇರುತ್ತದೆ. ಒಂದೂವರೆ ಮೀಟರಿನಲ್ಲಿ 20 ಡಿಗ್ರಿ! ಈ ವ್ಯತ್ಯಾಸದ ಬಹುಪಾಲು ನೆಲಕ್ಕೆ ಅಂಟಿದ ಕೆಲವೇ ಬೆರಳಿನಷ್ಟು ಪದರದಲ್ಲಿರುತ್ತದೆ. ಅಲ್ಲಿ ಬರಿಗಾಲಲ್ಲಿ ನಡೆದವರಿಗೆ ಉಷ್ಣಮಾಪಕ ಬೇಕಾಗಿಲ್ಲ.

ಇದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಬಿಸಿಲ್ಗುದುರೆ. ಕೆಳಗಿನ ಗಾಳಿ ಮೇಲಿನದಕ್ಕಿಂತ ತೆಳುವಾದಾಗಲೇ ಬೆಳಕು ಮೇಲಕ್ಕೆ ಬಾಗಿ, ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ತೋರುವುದು. ಬಿಸಿಲ್ಗುದುರೆ ಕಾಣಲು ಬೇಕಾದ ಮಿತಿಯೂ ಹೆಚ್ಚುಕಡಿಮೆ ಅದೇ ಮೀಟರಿಗೆ 0.034 ಡಿಗ್ರಿ. ಬಿಸಿಲ್ಗುದುರೆ ಕುಣಿಯುವ ಹೊತ್ತಿನಲ್ಲಿ ಸುಳಿಗೆ ಬೇಕಾದ ಇಂಧನ ಸಿದ್ಧವಾಗಿದೆ ಎಂದೇ ತಿಳಿಯಬಹುದು. ನಾನು ಮಕ್ಕಳಿಗೆ ಎರಡನ್ನೂ ಒಂದೇ ದಿನ ಹೇಳುತ್ತಿದ್ದೆ. ಪುಸ್ತಕದಲ್ಲಿ ಒಂದು ಬೆಳಕಿನ ಪಾಠದಲ್ಲಿದೆ, ಇನ್ನೊಂದು ಉಷ್ಣದ ಪಾಠದಲ್ಲಿದೆ. ನೆಲಕ್ಕೆ ಆ ವಿಂಗಡಣೆ ಗೊತ್ತಿಲ್ಲ.

ಮುಗಿಲುನೋಟ:
ಮೇಷ್ಟ್ರೇ, ಬಿಸಿಲ್ಗುದುರೆಯ ನಂಟು ಹೇಳಿದ್ದು ಬಹಳ ಚೆನ್ನಾಯಿತು.

ಒಗರುಮಾತು ಅವರಿಗೆ ಅಸಲಿನ ಲೆಕ್ಕ. ಆ ಮೊದಲ ಸುತ್ತಿನ ಮೂಲ ಒಂದೇ ಅಲ್ಲ. ಯಾವ ಮೂಲದ ಪಾಲು ಎಷ್ಟೆಂಬುದರ ಬಗ್ಗೆ ಸಂಶೋಧಕರ ನಡುವೆಯೂ ಚರ್ಚೆ ನಿಂತಿಲ್ಲ.

ಮೊದಲನೆಯದು ಅಡ್ಡಗಾಳಿ. ನೆಲಕ್ಕೆ ತಾಗಿದ ಗಾಳಿ ಘರ್ಷಣೆಯಿಂದ ನಿಧಾನ, ಮೇಲಿನದು ವೇಗ. ಇಂಥ ಎರಡು ಪದರಗಳ ನಡುವಿನ ಗಾಳಿಗೆ ಉರುಳುವ ಗುಣ ಇದ್ದೇ ಇರುತ್ತದೆ, ಆದರೆ ಅಡ್ಡಡ್ಡ. ಅಂಥ ಒಂದು ಉರುಳೆಯ ನಡುಭಾಗವನ್ನು ಏರುಗಾಳಿ ಎತ್ತಿದರೆ ಅದು ಕಮಾನಿನಂತೆ ಬಾಗುತ್ತದೆ. ಕಮಾನಿನ ಎರಡು ಕಾಲುಗಳು ನೆಟ್ಟಗೆ ನಿಲ್ಲುತ್ತವೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗುತ್ತಿರುತ್ತದೆ. ಎರೆಹೊಲದವರು ಒಂದೇ ಮಧ್ಯಾಹ್ನ ಎರಡೂ ಬಗೆಯನ್ನು ಕಂಡದ್ದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಎರಡನೆಯದು ಏರುಗಾಳಿಗಳ ಜಾಲ. ಕಾದ ಬಯಲಿನಲ್ಲಿ ಗಾಳಿ ಎಲ್ಲೆಂದರಲ್ಲಿ ಏರುವುದಿಲ್ಲ. ಅಗಲವಾದ ಜಾಗದಲ್ಲಿ ಮೆಲ್ಲಗೆ ಇಳಿಯುತ್ತದೆ. ಆ ಜಾಗಗಳ ಅಂಚುಗಳಲ್ಲಿ, ಅಂದರೆ ಕಿರಿದಾದ ಪಟ್ಟಿಗಳಲ್ಲಿ, ರಭಸದಿಂದ ಏರುತ್ತದೆ. ಮೂರು ನಾಲ್ಕು ಪಟ್ಟಿಗಳು ಕೂಡುವ ಮೂಲೆಗಳಿಗೆ ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ವೇಗದಲ್ಲಿ ಗಾಳಿ ಬಂದು ಸೇರುತ್ತದೆ. ಅವು ಕರಾರುವಾಕ್ಕಾಗಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯುವುದು ಅಪರೂಪ. ಒಂದು ತುಸು ಬದಿಗೆ ಸರಿದರೂ ಸುತ್ತು ಹುಟ್ಟಿತು. ಕಂಪ್ಯೂಟರಿನಲ್ಲಿ ಕಾದ ನೆಲದ ಗಾಳಿಯನ್ನು ಅನುಕರಿಸಿದಾಗ, ಹೊರಗಿನ ಗಾಳಿ ಏನೂ ಇಲ್ಲದಿದ್ದರೂ ಈ ಮೂಲೆಗಳಲ್ಲಿ ಸುಳಿಗಳು ತಾವಾಗಿ ಏಳುತ್ತವೆ.

ಮೂರನೆಯದು ನೆಲದ ಏರುಪೇರು: ಬದು, ಜಾಲಿಯ ಸಾಲು, ಒಂಟಿ ಗುಡ್ಡ, ಉತ್ತ ಹೊಲಕ್ಕೂ ಹಸಿರು ಹೊಲಕ್ಕೂ ನಡುವಿನ ಗಡಿ.

ಕೆರೆಯ ತೂಬು ಎತ್ತಿದಾಗ ಮೇಲೆ ಸುಳಿ ಬೀಳುವುದನ್ನು ನೋಡಿದ್ದೀರಲ್ಲ? ತೂಬು ನೀರನ್ನು ತಿರುಗಿಸುವುದಿಲ್ಲ, ಎಳೆಯುತ್ತದೆ ಅಷ್ಟೇ. ಕೆರೆಯಲ್ಲಿ ಆಗಲೇ ಇದ್ದ ಸಣ್ಣ ಅಲುಗಾಟ ಬಾಯಿಯ ಹತ್ತಿರ ಬಂದಾಗ ಬಿಗಿಯಾಗಿ ಸುಳಿಯಾಗುತ್ತದೆ. ಸುಳಿಗಾಳಿಯಲ್ಲಿ ತೂಬು ತಲೆಕೆಳಗಾಗಿದೆ, ಎಳೆತ ಮೇಲಕ್ಕೆ.

ಒಗರುಮಾತು:
ತೂಬನ್ನು ಒಪ್ಪಿದೆ. ಈಗ ಇನ್ನೊಂದು. ಒಳಗೆ ಒತ್ತಡ ಕಡಿಮೆ ಎನ್ನುತ್ತೀರಿ, ಹೊರಗಿನಿಂದ ಗಾಳಿ ಬರುತ್ತಿದೆ ಎನ್ನುತ್ತೀರಿ. ಬಂದ ಗಾಳಿ ಒತ್ತಡವನ್ನು ಎರಡು ಕ್ಷಣದಲ್ಲಿ ಸರಿದೂಗಿಸಿಬಿಡಬೇಕು. ಐದು ಹತ್ತು ನಿಮಿಷ ನಿಲ್ಲುವುದು ಹೇಗೆ?

ಮುಗಿಲುನೋಟ:
ತಿರುಗುವುದರಿಂದಲೇ ನಿಲ್ಲುತ್ತದೆ. ತಿರುಗದ ಸಾಮಾನ್ಯ ಏರುಗಾಳಿಗೆ ಎಲ್ಲ ಬದಿಯಿಂದ ತಣ್ಣನೆಯ ಗಾಳಿ ಬೆರೆಯುತ್ತದೆ, ಅದು ಬೇಗ ಬಸವಳಿಯುತ್ತದೆ. ತಿರುಗುವ ಗಾಳಿಯನ್ನು ಕೇಂದ್ರದ ಕಡಿಮೆ ಒತ್ತಡ ಒಳಕ್ಕೆ ಎಳೆಯುತ್ತದೆ, ತಿರುಗುವಿಕೆ ಹೊರಕ್ಕೆ ತಳ್ಳುತ್ತದೆ. ಎರಡೂ ಸರಿಸಮವಾದಾಗ ಬದಿಯಿಂದ ಗಾಳಿ ಒಳಗೆ ಬರಲಾರದು. ಸುಳಿ ತನಗೆ ತಾನೇ ಗೋಡೆ ಕಟ್ಟಿಕೊಂಡಂತಾಯಿತು.

ಒಂದು ಜಾಗದಲ್ಲಿ ಮಾತ್ರ ಈ ಗೋಡೆ ಇಲ್ಲ, ಅದು ಬುಡ. ನೆಲಕ್ಕೆ ತಾಗಿದ ಗಾಳಿಯ ಸುತ್ತು ಘರ್ಷಣೆಯಿಂದ ಕುಂದುತ್ತದೆ. ಸುತ್ತು ಕುಂದಿದರೆ ಹೊರಕ್ಕೆ ತಳ್ಳುವ ಶಕ್ತಿಯೂ ಕುಂದುತ್ತದೆ, ಒತ್ತಡದ ಎಳೆತ ಗೆಲ್ಲುತ್ತದೆ, ಗಾಳಿ ಬುಡದಿಂದ ನುಗ್ಗಿ ಒಳಕ್ಕೆ ಸೇರಿ ಮೇಲೇಳುತ್ತದೆ. ನೋಡಿ, ಅತಿ ಬಿಸಿಯಾದ ಗಾಳಿ ಇರುವುದೂ ಆ ತೆಳು ಪದರದಲ್ಲೇ. ಸುಳಿಗೆ ಊಟ ಬಡಿಸುವ ಬಾಗಿಲೂ ಅದೇ, ಅಡಿಗೆಮನೆಯೂ ಅಲ್ಲೇ. ಮಂಡಿಗಿಂತ ಕೆಳಗೆ ನಡೆಯುವ ಈ ವ್ಯವಹಾರ ಇಲ್ಲದಿದ್ದರೆ ನೂರು ಮೀಟರಿನ ಕಂಬ ನಿಲ್ಲುವುದಿಲ್ಲ.

ಒತ್ತಡದ ಕುಸಿತವೇನೂ ಭಯಂಕರವಲ್ಲ. ಅಳೆದಾಗ ಸಿಗುವುದು ಸಾಮಾನ್ಯವಾಗಿ 2ರಿಂದ 4 ಹೆಕ್ಟೊಪಾಸ್ಕಲ್. ನೀವು ಏಳೆಂಟು ಅಂತಸ್ತು ಮೆಟ್ಟಿಲು ಹತ್ತಿದರೆ ಸುಮಾರು ಎರಡೂವರೆ ಹೆಕ್ಟೊಪಾಸ್ಕಲ್ ಇಳಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಅಷ್ಟು ಇಳಿಕೆ ಮೂರು ನಾಲ್ಕು ಮೀಟರಿನ ಅಡ್ಡ ದೂರದಲ್ಲಿ ಆಗಿಬಿಡುತ್ತದೆ. 1998ರಲ್ಲಿ ನಿಲ್ಟನ್ ರೆನ್ನೊ ಮತ್ತು ಸಂಗಡಿಗರು ಇಡೀ ಸುಳಿಯನ್ನು ಒಂದು ಉಷ್ಣಯಂತ್ರವಾಗಿ ಲೆಕ್ಕ ಹಾಕಿದರು: ನೆಲದಲ್ಲಿ ಬಿಸಿ ಪಡೆಯುತ್ತದೆ, ಮೇಲೆ ಬಿಟ್ಟುಕೊಡುತ್ತದೆ, ನಡುವೆ ಸಿಕ್ಕ ಕೆಲಸವನ್ನು ನೆಲದ ಘರ್ಷಣೆಯ ಮೇಲೆ ಖರ್ಚು ಮಾಡುತ್ತದೆ. ಕಾದ ಪದರ ಎಷ್ಟು ಎತ್ತರಕ್ಕಿದೆಯೋ ಯಂತ್ರ ಅಷ್ಟು ದಕ್ಷ. ಬೇಸಿಗೆಯ ಬಯಲುಸೀಮೆಯಲ್ಲಿ ಆ ಪದರ ಮಧ್ಯಾಹ್ನಕ್ಕೆ ಎರಡು ಕಿಲೋಮೀಟರ್ ದಾಟುವುದು ಸಾಮಾನ್ಯ. ಬೆಳಗ್ಗೆ ಎಂಟಕ್ಕೆ ನೆಲ ತಕ್ಕಮಟ್ಟಿಗೆ ಕಾದಿದ್ದರೂ ಸುಳಿ ಏಳದಿರುವುದಕ್ಕೆ ಇದೂ ಕಾರಣ.

ಹಂಚಿನಮನೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮಲೆನಾಡಿನಲ್ಲಿ ಇಂಥ ಧೂಳಿನ ಕಂಬ ನೋಡಿದ ನೆನಪಿಲ್ಲ. ಆದರೆ ಈಗ ಬೆಂಗಳೂರಿನಲ್ಲಿ ನಾವಿರುವ ವಸತಿ ಸಮುಚ್ಚಯದ ಒಂದು ಮೂಲೆಯಲ್ಲಿ ಒಣ ಎಲೆಗಳು, ಪ್ಲಾಸ್ಟಿಕ್ ಚೀಲಗಳು ಗಿರ್ರನೆ ಸುತ್ತುತ್ತಿರುತ್ತವೆ. ಜುಲೈ ತಿಂಗಳು, ಮೋಡ, ಬಿಸಿಲಿನ ಸುಳಿವಿಲ್ಲ. ಯಾವಾಗಲೂ ಅದೇ ಮೂಲೆ, ಯಾವಾಗಲೂ ಅದೇ ದಿಕ್ಕು. ಅಲ್ಲಿ ಯಾವ ಎರೆಮಣ್ಣು ಕಾಯಿತು?

ಹಳೆ ಸೀಮೆಸುಣ್ಣ:
ತಾಯಿ, ಅದು ಬೇರೆ ಜಾತಿ. ಅದರಲ್ಲಿ ಬಿಸಿಯ ಪಾತ್ರವಿಲ್ಲ. ಬೀಸುವ ಗಾಳಿ ಕಟ್ಟಡದ ಚೂಪಾದ ಅಂಚಿಗೆ ಬಂದಾಗ ಗೋಡೆಯನ್ನು ಹಿಡಿದುಕೊಂಡು ತಿರುಗಲಾರದೆ ಬಿಡಿಸಿಕೊಂಡು ಮುಂದೆ ಹೋಗುತ್ತದೆ. ಬಿಟ್ಟುಹೋದ ಜಾಗದಲ್ಲಿ ನಿಂತ ಗಾಳಿಗೂ ಪಕ್ಕದಲ್ಲಿ ಓಡುವ ಗಾಳಿಗೂ ತಿಕ್ಕಾಟ ಆಗಿ ಸುತ್ತು ಹುಟ್ಟುತ್ತದೆ. ಜುಲೈಯಲ್ಲಿ ಬೆಂಗಳೂರಿಗೆ ಪಶ್ಚಿಮದ ಕಡೆಯಿಂದ ಮುಂಗಾರು ಗಾಳಿ ಒಂದೇ ಸಮನೆ ಬೀಸುತ್ತದೆ, ಕಟ್ಟಡ ಅಲ್ಲಾಡುವುದಿಲ್ಲ. ಹಾಗಾಗಿ ಮೂಲೆಯೂ ದಿಕ್ಕೂ ಬದಲಾಗುವುದಿಲ್ಲ. ಈಶಾನ್ಯದ ಗಾಳಿ ಬೀಸುವ ಡಿಸೆಂಬರಿನಲ್ಲಿ ಒಮ್ಮೆ ನೋಡಿ, ಎಲೆಗಳು ಬೇರೆ ಮೂಲೆಗೆ ವರ್ಗವಾಗಿರಬಹುದು.

ಎರಡಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ. ಮೂಲೆಯ ಸುಳಿ ಇದ್ದಲ್ಲೇ ಇರುತ್ತದೆ, ಗಾಳಿ ನಿಂತರೆ ಸಾಯುತ್ತದೆ. ಬಯಲಿನ ಸುಳಿ ಗಾಳಿಯೊಂದಿಗೆ ನಡೆಯುತ್ತದೆ, ಮತ್ತು ಗಾಳಿ ಜೋರಾದರೆ ಹುಟ್ಟುವುದೇ ಕಷ್ಟ. ಜೋರುಗಾಳಿ ನೆಲದ ಬಿಸಿಯನ್ನು ಕೂಡಿಡಲು ಬಿಡದೆ ಚೆಲ್ಲಾಡಿಬಿಡುತ್ತದೆ.

ಮಲೆನಾಡಿನಲ್ಲಿ ಇಲ್ಲದಿರುವುದು ಆಶ್ಚರ್ಯವೇನಲ್ಲ. ಮರದ ನೆರಳು, ಹಸಿ ಮಣ್ಣು. ಬಿಸಿಲಿನ ಶಕ್ತಿಯ ಬಹುಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ.

ಬಂಡೆಯ ಊರು:
ಇಷ್ಟೆಲ್ಲ ಲೆಕ್ಕದ ನಡುವೆ ಬಳ್ಳಾರಿಯ ಲೆಕ್ಕವೂ ಒಂದಿರಲಿ. ನಮ್ಮ ಓಣಿಯಲ್ಲಿ ಸುಳಿಗಾಳಿ ಬಂದರೆ ಹಿರಿಯರು ಮಕ್ಕಳನ್ನು ಒಳಗೆ ಎಳೆದುಕೊಂಡು ಮೂರು ಸಲ ಉಗುಳುತ್ತಿದ್ದರು. ಒಳಗೆ ಸಿಕ್ಕವರಿಗೆ ಗಾಳಿ ಸೋಕುತ್ತದೆ ಎಂಬ ಮಾತು. ಸಿಕ್ಕವನು ಜ್ವರ ಬಂದು ಮಲಗಿದ ಎಂಬುದಕ್ಕೆ ಪ್ರತಿ ಮನೆಯಲ್ಲೂ ಒಬ್ಬ ಸಾಕ್ಷಿ ಇರುತ್ತಿದ್ದ. ಯಾವುದೋ ಹುಡುಗ ಚಪ್ಪಲಿ ಎಸೆದು ದೆವ್ವವನ್ನು ಓಡಿಸಿದ್ದೂ ಉಂಟು. ಸುಳಿ ಹೋಯಿತು, ಚಪ್ಪಲಿಯೂ ಚರಂಡಿಗೆ ಹೋಯಿತು.

ಒಗರುಮಾತು:
ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ಬಳ್ಳಾರಿಯ ಬೀದಿಯಲ್ಲಿ ಆಡುವ ಹುಡುಗನಿಗೆ ಜ್ವರ ಬರಲು ದೆವ್ವವೇ ಬೇಕೆ?

ಹಳೆ ಸೀಮೆಸುಣ್ಣ:
ನಗಬೇಡಿ. ಮಟಮಟ ಮಧ್ಯಾಹ್ನ ಬಯಲಿಗೆ ಹೋಗಬೇಡ ಎಂದ ಅಜ್ಜಿಯರು ಹೊತ್ತನ್ನಂತೂ ಸರಿಯಾಗಿ ಗುರುತಿಸಿದ್ದರು.

ದೆವ್ವವನ್ನು ಬಿಟ್ಟರೆ ಮುಂದೆ ಬಂದ ಆರೋಪಿ ವಿದ್ಯುತ್ತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬ್ಯಾಡ್ಲಿ ಎಂಬ ಬಂಗಾಳ ಸೇನೆಯ ವೈದ್ಯ ಲಾಹೋರಿನಲ್ಲಿದ್ದುಕೊಂಡು ಧೂಳಿನ ಸುಳಿಗಳನ್ನೂ ಧೂಳುಬಿರುಗಾಳಿಗಳನ್ನೂ ಆಸ್ಥೆಯಿಂದ ಗಮನಿಸಿ ಬರೆದಿಟ್ಟ. ಇವೆಲ್ಲ ವಿದ್ಯುತ್ತಿನ ಕೆಲಸ ಎಂಬುದು ಅವನ ನಂಬಿಕೆ. ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದನಾದರೂ ವಿದ್ಯುತ್ತು ಇದೆ ಎಂಬ ಮಾತು ಸುಳ್ಳಲ್ಲ.

ಕಳ್ಳಿಗಿಡ:
ಮೇಷ್ಟ್ರ ಕೊನೆಯ ಮಾತಿಗೆ ನಾನಿರುವ ಅರಿಜೋನಾದಿಂದಲೇ ಪುರಾವೆ ಕೊಡಬಲ್ಲೆ. ಫೀನಿಕ್ಸ್‌ಗೂ ಟ್ಯೂಸಾನ್‌ಗೂ ನಡುವೆ ಎಲಾಯ್ ಎಂಬ ಊರಿದೆ, ಸುತ್ತ ಬಟಾಬಯಲು. ಹೆದ್ದಾರಿಯಲ್ಲಿ ಜೂನ್ ತಿಂಗಳು ಹೋದರೆ ಎರಡೂ ಬದಿಯಲ್ಲಿ ಕಂಬಗಳು ನಡೆದಾಡುತ್ತಿರುತ್ತವೆ. ಅಲ್ಲಿ 2002ರಲ್ಲಿ ವಿಜ್ಞಾನಿಗಳು ಬೀಡುಬಿಟ್ಟು ಸುಳಿಗಳೊಳಗಿನ ವಿದ್ಯುತ್ ಕ್ಷೇತ್ರ ಅಳೆದರು. ಶುಭ್ರ ಆಕಾಶದ ದಿನ ನೆಲದ ಹತ್ತಿರ ಅದು ಮೀಟರಿಗೆ 100 ವೋಲ್ಟ್ ಆಸುಪಾಸು. ಸುಳಿಯ ಬಳಿ 10 ಸಾವಿರ ವೋಲ್ಟನ್ನೂ ಮೀರಿತು. ಕಣಗಳು ಒಂದಕ್ಕೊಂದು ಉಜ್ಜಿಕೊಂಡಾಗ ಸಣ್ಣವು ಋಣ ವಿದ್ಯುದಾವೇಶ ಪಡೆದು ಮೇಲಕ್ಕೆ ಹೋಗುತ್ತವೆ, ದಪ್ಪನೆಯವು ಧನವಾಗಿ ಕೆಳಗೇ ಉಳಿಯುತ್ತವೆ.

ಇವರಿಗೆ ಎಲಾಯ್ ಮೇಲೆ ಅಷ್ಟು ಪ್ರೀತಿ ಬರಲು ಮಂಗಳ ಗ್ರಹ ಕಾರಣ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಆದರೂ ಕಿಲೋಮೀಟರುಗಟ್ಟಲೆ ಎತ್ತರದ ಸುಳಿಗಳು ಏಳುತ್ತವೆ. 2012ರಲ್ಲಿ ಕಕ್ಷೆಯಿಂದ ತೆಗೆದ ಚಿತ್ರದಲ್ಲಿ ಒಂದು ಸುಮಾರು 20 ಕಿಲೋಮೀಟರ್ ಎತ್ತರಕ್ಕೆ ಹೋಗಿತ್ತು. 2005ರಲ್ಲಿ ಅಲ್ಲಿ ಓಡಾಡುತ್ತಿದ್ದ ಸ್ಪಿರಿಟ್ ಎಂಬ ರೋಬಾಟ್ ಬಂಡಿಯ ಸೌರಫಲಕಗಳ ಮೇಲಿನ ಧೂಳು ಗುಡಿಸಿಹೋಗಿ ಅದಕ್ಕೆ ಹೊಸ ಆಯುಸ್ಸು ಬಂತು. 2021ರ ಸೆಪ್ಟೆಂಬರ್ 27ರಂದು ಪರ್ಸೆವೆರೆನ್ಸ್ ಬಂಡಿಯ ಮೇಲೇ ಒಂದು ಸುಳಿ ಹಾದುಹೋಯಿತು. 25 ಮೀಟರ್ ಅಗಲ, ನೂರು ಮೀಟರಿಗೂ ಮಿಕ್ಕ ಎತ್ತರ. ಬಂಡಿಯ ಮೈಕು ಆಗ ಚಾಲೂ ಇದ್ದುದರಿಂದ ಮರಳಿನ ಕಣಗಳು ತಾಗಿದ ಪಟಪಟ ಸದ್ದು ಭೂಮಿಗೆ ತಲುಪಿತು. ನಡುವೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಮತ್ತೆ ಸದ್ದು: ಗೋಡೆ, ನಡುವಿನ ಶಾಂತ ಜಾಗ, ಮತ್ತೆ ಗೋಡೆ. ಮುಗಿಲುನೋಟ ಅವರು ಹೇಳಿದ ಗೋಡೆಯನ್ನು ಕಿವಿಯಲ್ಲಿ ಕೇಳಬಹುದು.

ಎರೆಹೊಲ:
ಮಂಗಳದಿಂದ ನನ್ನ ಹೊಲಕ್ಕೆ ಇಳಿಯೋಣ. ಒಂದು ಸಂಗತಿ ಕೇಳುವುದು ಬಿಟ್ಟುಹೋಗಿತ್ತು. ಸುಳಿಗಳು ಬಹುತೇಕ ಬಂಡಿದಾರಿಯ ಮೇಲೇ ಏಳುತ್ತವೆ. ಪಕ್ಕದ ಹೊಲ ಅಷ್ಟೇ ಕಾದಿರುತ್ತದೆ, ಇನ್ನೂ ಕಪ್ಪಾಗಿರುತ್ತದೆ. ದಾರಿಯ ಮೇಲೇ ಯಾಕೆ?

ಮುಗಿಲುನೋಟ:
ಏಳುವುದು ಎಲ್ಲ ಕಡೆ, ಕಾಣುವುದು ದಾರಿಯ ಮೇಲೆ. ಬೇಸಿಗೆಯ ಎರೆಮಣ್ಣು ಬಿರುಕು ಬಿಟ್ಟು, ಮೇಲ್ಪದರ ಹರಳು ಹರಳಾಗಿ ಒಡೆದಿರುತ್ತದೆ. ಆ ಹರಳುಗಳನ್ನೂ ಹೆಂಟೆಗಳನ್ನೂ ಎತ್ತುವುದು ಕಷ್ಟ. ಚಕ್ರ ಅರೆದ ದಾರಿಯಲ್ಲಿ ಹುಡಿಮಣ್ಣು ಸಿದ್ಧವಾಗಿರುತ್ತದೆ. ಗಾಳಿಗೆ ಅತಿ ಸುಲಭವಾಗಿ ಏಳುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಕಣ. ಅದಕ್ಕಿಂತ ದಪ್ಪನೆಯದು ಭಾರ, ತೀರಾ ನುಣ್ಣನೆಯದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆ ಮಧ್ಯಮ ಕಣಗಳು ಕುಪ್ಪಳಿಸಿ ಬಿದ್ದಾಗ ನುಣ್ಣನೆಯದನ್ನು ಎಬ್ಬಿಸುತ್ತವೆ.

ಹೊಲದ ಮೇಲೆ ಧೂಳಿಲ್ಲದ ಸುಳಿಗಳು ಕಣ್ಣಿಗೆ ಬೀಳದೆ ಓಡಾಡುತ್ತಿರುತ್ತವೆ. ಜೋಳದ ಒಣ ರವದಿ ಇದ್ದಕ್ಕಿದ್ದಂತೆ ಎದ್ದು ನಾಲ್ಕು ಸುತ್ತು ತಿರುಗಿ ಬೀಳುವುದನ್ನು ನೀವು ನೋಡಿರುತ್ತೀರಿ. ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತಿದ್ದರೆ ಅಲ್ಲಿಯೂ ಏರುಗಾಳಿ ಇದೆ, ಧೂಳು ಮಾತ್ರ ಇಲ್ಲ.

ಕಬ್ಬಿನಗದ್ದೆ:
ಮಂಡ್ಯ ಕಡೆ ನಮ್ಮಲ್ಲಿ ನೀರಾವರಿ, ಧೂಳು ಕಡಿಮೆ. ಆದರೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಟ್ಟಾಗ ಬೆಂಕಿಯೇ ಸುಳಿಯಾಗಿ ಎದ್ದು ಬದು ದಾಟಿ ಪಕ್ಕದ ಗದ್ದೆಗೆ ಹಾರಿದ್ದನ್ನು ಕಂಡಿದ್ದೇನೆ. ಬೆಂಕಿ ಹಚ್ಚಿದವನು ‘ಗಾಳಿಯೇ ಇರಲಿಲ್ಲ ಸ್ವಾಮಿ’ ಎನ್ನುತ್ತಿದ್ದ, ಅದೂ ನಿಜವೇ ಆಗಿತ್ತು. ಇದೂ ಅದೇ ಸಂಗತಿಯೇ?

ಮುಗಿಲುನೋಟ:
ಅದೇ ಸಂಗತಿ, ಬಿಸಿ ಮಾತ್ರ ಹತ್ತಾರು ಪಟ್ಟು. ಏರುಗಾಳಿಯ ರಭಸ ಹೆಚ್ಚಿದಷ್ಟೂ ಸುತ್ತು ಬಿಗಿಯಾಗುತ್ತದೆ, ಜ್ವಾಲೆ ಉದ್ದವಾಗುತ್ತದೆ, ಉರಿಯುವ ಗರಿಗಳನ್ನು ದೂರಕ್ಕೆ ಎಸೆಯುತ್ತದೆ. 1923ರ ಸೆಪ್ಟೆಂಬರ್ 1ರ ಭೂಕಂಪದ ನಂತರ ಟೋಕಿಯೋದ ಹೊಂಜೊ ಪ್ರದೇಶದ ಒಂದು ಬಯಲಿನಲ್ಲಿ ಜನ ಆಶ್ರಯ ಪಡೆದಿದ್ದರು. ಬೆಂಕಿಯ ಸುಳಿ ಅಲ್ಲಿಗೆ ನುಗ್ಗಿ ಸುಮಾರು 38 ಸಾವಿರ ಮಂದಿ ಸತ್ತರು. ಬಯಲಿನಲ್ಲಿದ್ದೇವೆ ಎಂಬುದು ಅವರನ್ನು ಕಾಪಾಡಲಿಲ್ಲ.

ತರಗನ್ನು ಸುಡುವುದೇ ಬೇಡ, ಮಣ್ಣಿಗೆ ಹೊದಿಕೆಯಾಗಿ ಬಿಡಿ ಎಂಬುದು ನನ್ನ ಅಭಿಪ್ರಾಯ. ಸುಡಲೇಬೇಕೆಂಬ ಹಠವಿದ್ದರೂ ಮಧ್ಯಾಹ್ನದ ಹೊತ್ತು, ನೆಲವೂ ಕಾದಿರುವಾಗ, ಖಂಡಿತ ಬೇಡ.

ಒಗರುಮಾತು:
ಬೆಂಕಿಯ ಸುಳಿ ಅಪಾಯ ಸರಿ. ಧೂಳಿನ ಸುಳಿಗೆ ಇಷ್ಟು ಹೆದರಬೇಕೆ? ಕಣ್ಣಿಗೆ ಮಣ್ಣು ಬಿದ್ದರೆ ತೊಳೆದುಕೊಂಡರಾಯಿತು.

ಕಳ್ಳಿಗಿಡ:
ಬಹಳಷ್ಟು ಸಲ ಅಷ್ಟೇ. ಆದರೆ ದೊಡ್ಡ ಸುಳಿಗಳಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ದಾಟಬಲ್ಲದು. 2021ರ ಡಿಸೆಂಬರ್ 16ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಡೆವೊನ್‌ಪೋರ್ಟ್ ಪಟ್ಟಣದ ಒಂದು ಶಾಲೆಯಲ್ಲಿ, ಮಕ್ಕಳು ಆಡುತ್ತಿದ್ದ ಗಾಳಿ ತುಂಬಿದ ಕುಣಿದಾಟದ ಮನೆಯನ್ನು ಇಂಥ ಸುಳಿಯೊಂದು ಎತ್ತಿ ಎಸೆಯಿತು. ಆರು ಮಕ್ಕಳು ತೀರಿಕೊಂಡರು. ಹಗುರಾದದ್ದು, ಅಗಲವಾದದ್ದು, ಸಡಿಲವಾಗಿ ಕಟ್ಟಿದ್ದು ಯಾವುದೇ ಇರಲಿ, ಸುಳಿ ಅದರ ಕೆಳಗೆ ಕೈ ಹಾಕುತ್ತದೆ.

ಪ್ಯಾರಾಗ್ಲೈಡಿಂಗ್ ಮಾಡುವವರು ಧೂಳಿನ ಕಂಬ ಕಂಡರೆ ನೆಲದ ಹತ್ತಿರ ಇರಲು ಒಪ್ಪುವುದಿಲ್ಲ. ಎತ್ತರದಲ್ಲಿ ಅದೇ ಏರುಗಾಳಿ ಅವರಿಗೆ ಬೇಕಾದದ್ದು, ಬುಡದಲ್ಲಿ ಅದೇ ಪ್ರಾಣಕ್ಕೆ ಎರವು.

ಎರೆಹೊಲ:
ಹಾಗಿದ್ದರೆ ನಮಗೂ ಇದು ಕೆಲಸಕ್ಕೆ ಬರುವ ಮಾತೇ. ಏಪ್ರಿಲ್ ಕೊನೆಗೆ ನಮ್ಮ ಅಣ್ಣನ ಮಗಳ ಮದುವೆ. ಊರ ಹೊರಗಿನ ಹೊಲದಲ್ಲಿ ಪೆಂಡಾಲ್, ಮಧ್ಯಾಹ್ನ ಊಟ. ಅಡುಗೆಗೆ ತಗಡಿನ ಚಪ್ಪರ. ಏನು ಮಾಡಬೇಕು?

ಹಳೆ ಸೀಮೆಸುಣ್ಣ:
ಹಿಂದಿನ ದಿನ ಸಂಜೆಯೂ ಅಂದು ಬೆಳಗ್ಗೆಯೂ ಟ್ಯಾಂಕರ್ ತರಿಸಿ ಸುತ್ತಲಿನ ಜಾಗಕ್ಕೆ ಚೆನ್ನಾಗಿ ನೀರು ಹೊಡೆಸಿ. ಧೂಳೂ ಏಳದು, ನೆಲವೂ ಅಷ್ಟು ಕಾಯದು. ಬಂದ ಸುಳಿ ಒದ್ದೆ ನೆಲದ ಮೇಲೆ ಕಾಲಿಟ್ಟರೆ ಬಿಸಿಗಾಳಿಯ ಊಟ ತಪ್ಪಿ ಸೊರಗುತ್ತದೆ.

ಮುಗಿಲುನೋಟ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಮೂವತ್ತು ನಲವತ್ತು ಅಡಿ ಅಗಲಕ್ಕೆ ನೀರು ಹೊಡೆದರೆ ದೊಡ್ಡ ಸುಳಿ ನಿಲ್ಲುವುದಿಲ್ಲ. ಹೊಂದಿದ ವೇಗದಲ್ಲೇ ದಾಟಿಬಿಡುತ್ತದೆ. ಆದ್ದರಿಂದ ತಗಡುಗಳನ್ನು ಬರೀ ಕಲ್ಲು ಹೇರಿ ಬಿಡಬೇಡಿ. ಸುಳಿಯ ಕಡಿಮೆ ಒತ್ತಡ ತಗಡನ್ನು ಮೇಲಕ್ಕೆ ಎಳೆಯುತ್ತದೆ, ಕಲ್ಲೂ ಉರುಳಿ ಬೀಳುತ್ತದೆ. ಬೋಲ್ಟ್ ಹಾಕಿಸಿ, ಇಲ್ಲವೇ ತಂತಿಯಿಂದ ಗಳಕ್ಕೆ ಬಿಗಿಯಾಗಿ ಕಟ್ಟಿಸಿ. ಪೆಂಡಾಲಿನ ಗೂಟಗಳು ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ಸುಲಭವಾಗಿ ಕಿತ್ತುಬರುತ್ತವೆ, ಹಾಗಾಗಿ ಆಳಕ್ಕೆ ಹೊಡೆಸಿ ಅಥವಾ ಟ್ರ್ಯಾಕ್ಟರಿಗೆ, ಮರಕ್ಕೆ ಹಗ್ಗ ಬಿಗಿಯಿರಿ. ಬದಿಯ ಪರದೆಗಳನ್ನು ಎದುರುಬದುರಾಗಿ ಎತ್ತಿ ಕಟ್ಟಿದರೆ ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಇರುತ್ತದೆ, ಬಟ್ಟೆಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಒಲೆಗಳು ಪೆಂಡಾಲಿನಿಂದ ದೂರ ಇರಲಿ.

ಬಂಡೆಯ ಊರು:
ಮೂರು ಸಲ ಉಗುಳಲು ಒಬ್ಬರನ್ನು ನಾವು ಬಳ್ಳಾರಿಯಿಂದ ಕಳಿಸುತ್ತೇವೆ, ಊಟಕ್ಕೆ ಒಂದು ಎಲೆ ಹೆಚ್ಚಿಗೆ ಹಾಕಿಸಿ.

ಎರೆಹೊಲ:
ಎಲೆ ಹಾಕಿಸೋಣ, ಬನ್ನಿ. ಪೆಂಡಾಲಿನವರಿಗೆ ಈಗಲೇ ಫೋನ್ ಮಾಡಿ ಗೂಟದ ವಿಷಯ ಹೇಳಿದೆ. ‘ಪ್ರತಿ ವರ್ಷ ಹೀಗೇ ಹಾಕುತ್ತೇವೆ, ಏನೂ ಆಗಿಲ್ಲ’ ಎಂದರು. ನಾಳೆ ಹೋಗಿ ಮುಖತಃ ಮಾತಾಡಬೇಕು.